ಕೊಳವೆಯ ಕೆಳಗಿನ ಕೊಂಡಿ

ಅಕ್ಕ ನನ್ನ ಕಾರನ್ನು ಹತ್ತುವುದಿಲ್ಲವೆಂದು ಹೇಳಿದ ದಿನ ನಾನು ಅದನ್ನೊಂದು ವಾದವೆಂದೇ ಪರಿಗಣಿಸಿದೆ. ವಾದವೆಂದ ಮೇಲೆ ಅದಕ್ಕೊಂದು ಖಂಡನೆ ಇರಲೇಬೇಕೆಂಬುದು ಕಾಲೇಜಿನ ಚರ್ಚಾಸ್ಪರ್ಧೆಗಳು ನನ್ನಲ್ಲಿ ಬೆಳೆಸಿದ ಅಭ್ಯಾಸ. ಅಗಡಿಯ ನಮ್ಮ ಮನೆಯ ಕಟ್ಟೆಯ ಮುಂದೆ ಕಾರು ಚಾಲೂ ಆಗಿ ನಿಂತಿತ್ತು. ನಾನು ಹಿಂದಿನ ಬಾಗಿಲನ್ನು ತೆರೆದು ಹಿಡಿದಿದ್ದೆ. ಅಕ್ಕ ಹೊಸ್ತಿಲಲ್ಲಿ ನಿಂತು, ಒಂದು ಕೈಯಿಂದ ಚೌಕಟ್ಟನ್ನು ಹಿಡಿದುಕೊಂಡು, ಉಸಿರನ್ನು ಸ್ವಲ್ಪಸ್ವಲ್ಪವಾಗಿ ಒಳಗೆ ಎಳೆದುಕೊಳ್ಳುತ್ತಿದ್ದಳು.

"ನಾ ಬರೂದಿಲ್ಲ," ಎಂದಳು.

"ದವಾಖಾನಿ ಬ್ಯಾಡೇನು?"

"ದವಾಖಾನಿ ಬ್ಯಾಡ ಅಂದಿಲ್ಲ. ಈ ಗಾಡಿ ಬ್ಯಾಡ ಅಂದೆ. ಬ್ಯಾರೆ ಗಾಡಿ ಇದ್ರ ತರಸು, ಈಗ ಬರ್ತೇನಿ."

"ಈ ಗಾಡಿಗೆ ಏನಾಗೇತಿ?"

"ಸಿಳ್ಳಿ ಹೊಡಿಯಾಕತ್ತೇತಿ. ಕೇಳಸೂದಿಲ್ಲೇನ್ ನಿನಗ?"

ಕೇಳಿಸುತ್ತಿತ್ತು. ಕೆಲವು ದಿನಗಳಿಂದ ಕಾರಿನ ಮುಂಭಾಗದಿಂದ ಸಣ್ಣಗೆ, ಎಡೆಬಿಡದೆ, ಯಾರೋ ಹಲ್ಲಿನ ಸಂದಿಯಿಂದ ಗಾಳಿ ಊದಿದಂತಹ ಸದ್ದು ಬರುತ್ತಿತ್ತು. ನಿಂತಲ್ಲಿ ಇಂಜಿನ್ ನಡುಗುತ್ತಿತ್ತು. ಸ್ಟೀರಿಂಗಿನ ಮುಂದಿನ ಫಲಕದಲ್ಲಿ ಹಳದಿ ಬಣ್ಣದ ಎಚ್ಚರಿಕೆಯ ಚಿಹ್ನೆಯೊಂದು ಹೊತ್ತಿಕೊಂಡು ಆರದೆ ಉಳಿದಿತ್ತು. ಆದರೆ ಸದ್ದಿಗೂ ಅಪಾಯಕ್ಕೂ ಸಂಬಂಧವಿದೆಯೆಂದು ಸಾಧಿಸುವ ಹೊಣೆ ಅವಳದೆಂದು ನಾನು ವಾದಿಸಿದೆ. ನಿನ್ನೆಯಷ್ಟೇ ಇದೇ ಕಾರಿನಲ್ಲಿ ಬ್ಯಾಡಗಿಗೆ ಹೋಗಿ ಬಂದಿರುವೆನೆಂಬ ಸಾಕ್ಷ್ಯ ಒದಗಿಸಿದೆ. ಅವಳು ನನ್ನ ಮಾತು ಮುಗಿಯುವವರೆಗೂ ಕೇಳಿದಳು. ಆಮೇಲೆ ಒಳಗೆ ಹೋಗಿ, ಗೋಡೆಗೆ ಆನಿಸಿಟ್ಟ ದಿಂಬಿಗೆ ಬೆನ್ನು ಕೊಟ್ಟು ಕುಳಿತಳು. ಅವಳಿಗೆ ಈಗ ಮಲಗಿ ನಿದ್ರಿಸುವುದು ಸಾಧ್ಯವಿರಲಿಲ್ಲ. ರಾತ್ರಿಯೆಲ್ಲ ಹಾಗೆಯೇ ಕುಳಿತಿರುತ್ತಿದ್ದಳು.

ರಾಣೆಬೆನ್ನೂರಿನ ಒಂದು ದವಾಖಾನೆಗೆ ಎದೆರೋಗದ ವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು. ಅಂದಿನ ಸರದಿಗೆ ಅಕ್ಕನ ಹೆಸರನ್ನು ಬರೆಸಿದ್ದೆ. ಅವರು ಹೊರಡುವ ಹೊತ್ತಿನವರೆಗೂ ನಾನು ಅಕ್ಕನನ್ನು ಒಪ್ಪಿಸಲು ಪ್ರಯತ್ನಿಸಿದೆ. ಬಸ್ಸಿನ ಮಾತನ್ನು ಎತ್ತುವಂತಿರಲಿಲ್ಲ. ಹಿಂದೊಮ್ಮೆ ಹಾಗೆ ಹೊರಟಿದ್ದಾಗ, ಹಾವೇರಿ ನಿಲ್ದಾಣದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿ, ಕಲ್ಲುಬೆಂಚಿನ ಮೇಲೆ ಮಲಗಿಸಿ, ಸುಧಾರಿಸಿಕೊಂಡ ಮೇಲೆ ಮರಳಿ ಬಂದಿದ್ದೆವು. ಬೇರೆಯವರ ಕಾರನ್ನು ಕೇಳಬಹುದಾಗಿತ್ತು. ಆದರೆ ಕಾರಣವಿಲ್ಲದ ಹಟಕ್ಕೆ ಮಣಿದರೆ ಹಟವೇ ಕಾರಣವಾಗಿಬಿಡುತ್ತದೆ ಎಂಬ ನಿಲುವು ನನ್ನದು. ಸಿಳ್ಳೆಯೊಂದೇ ಅವಳ ಆಕ್ಷೇಪವಾದರೆ ಸಿಳ್ಳೆಯನ್ನು ನಿಲ್ಲಿಸಿ, ಮುಂದಿನ ವಾರ ಅವಳನ್ನು ಕರೆದೊಯ್ಯುವುದು ಎಂದು ತೀರ್ಮಾನಿಸಿದೆ. ಆ ಒಂದು ವಾರ ಅವಳ ಎದೆಗೆ ಏನು ಮಾಡೀತೆಂದು ನನಗೆ ತಿಳಿದಿರಲಿಲ್ಲ.

ಅವಳ ಎದೆಯ ವಿಷಯ ಇಲ್ಲಿ ಹೇಳಿಬಿಡಬೇಕು. ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿತ್ತು. ಭಾವ ಮೆಣಸಿನಕಾಯಿ ಚೀಲಗಳನ್ನು ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಒಂದು ಅಮಾವಾಸ್ಯೆಯ ಮರುದಿನ ಮೋಟೆಬೆನ್ನೂರಿನ ತಿರುವಿನಲ್ಲಿ ಟೆಂಪೊ ಮಗುಚಿತು. ಅವನು ಚೀಲಗಳ ಅಡಿಯಲ್ಲಿ ಸಿಕ್ಕಿ ತೀರಿಕೊಂಡ. ಆ ಬಳಿಕ ಅಕ್ಕ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ಕುಳಿತಳು. ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಗಾಳಿಯೇ ಕೆಂಪಗಿರುತ್ತದೆ. ಸೆರಗನ್ನು ಮೂಗಿಗೆ ಸುತ್ತಿಕೊಂಡು ಅವಳು ವರ್ಷಗಟ್ಟಲೆ ಅದನ್ನು ಉಸಿರಾಡಿದಳು. ನನ್ನನ್ನು ಹಾವೇರಿಯ ಕಾಲೇಜಿಗೆ ಕಳಿಸಿದವಳೂ ಅವಳೇ. ಕೆಲಸ ಬಿಟ್ಟು ಅಗಡಿಗೆ ಬಂದಾಗ ಕೆಮ್ಮು ಅವಳ ಜೊತೆಗೇ ಬಂದು, ಮನೆಯಲ್ಲೊಬ್ಬರಾಗಿ ಉಳಿದುಕೊಂಡಿತು.

ನಾನು ಕಾಲೇಜಿನಿಂದ ತಂದದ್ದು ಬೇರೆಯೇ ಸ್ವತ್ತು. ಯಾವ ನಂಬಿಕೆಯೂ ಪ್ರಶ್ನೆಗೆ ಅತೀತವಲ್ಲ, ಭಯದಿಂದ ಹುಟ್ಟಿದ ಆಚರಣೆ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬ ದೃಢವಾದ ಅರಿವು. ಇಂದಿಗೂ ನಾನದನ್ನು ಬಿಟ್ಟಿಲ್ಲ. ಗೆಳೆಯರೊಂದಿಗೆ ಒಂದು ಸಣ್ಣ ಬಳಗ ಕಟ್ಟಿಕೊಂಡಿದ್ದೇನೆ. ಅಮಾವಾಸ್ಯೆ ಬಂತೆಂದರೆ ಹಾವೇರಿ ಬಸ್ ನಿಲ್ದಾಣದ ಬಳಿ ನಮ್ಮದೊಂದು ಮೇಜು, ಮೇಲೊಂದು ದೊಡ್ಡ ಹಂಡೆ. ವಾಹನಗಳ ಮುಂದೆ ದೃಷ್ಟಿಗಾಗಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟುವ ಬದಲು ಆ ಹಣ್ಣನ್ನು ನಮಗೆ ಕೊಡಿ ಎಂದು ಕೇಳುತ್ತೇವೆ. ಕೊಟ್ಟರೆ ಹಿಂಡಿ, ಸಕ್ಕರೆ ಬೆರೆಸಿ, ಅವರಿಗೇ ಶರಬತ್ತು ಕುಡಿಸಿ ಕಳಿಸುತ್ತೇವೆ. ನಾನು ಕುರ್ಚಿಯ ಮೇಲೆ ನಿಂತು ಭಾಷಣ ಮಾಡುತ್ತೇನೆ. ಆಟೊದವರು ನನಗೆ 'ಸರಬತ್ತ ಸಾಹೇಬ' ಎಂದು ಹೆಸರಿಟ್ಟಿದ್ದಾರೆ. ಬ್ಯಾಡಗಿಗೆ ಹೋಗುವುದು ಇನ್ನೊಂದು ಕೆಲಸಕ್ಕೆ: ತೊಟ್ಟು ಬಿಡಿಸುವ ಹೆಂಗಸರಿಗೆ ಮಾಸ್ಕ್ ಹಂಚುವುದು, ಹಾಕಿಕೊಳ್ಳಿರೆಂದು ಮನವೊಲಿಸುವುದು. "ಇದನ್ನ ಹಾಕ್ಕೊಂಡ್ರ ಮಾತಾಡೂದ ಹ್ಯಾಂಗ್ರಿ? ಮಾತಿಲ್ದ ಕುಂತ್ರ ಕೆಲಸ ಸಾಗತೇತೇನ್ರಿ?" ಎಂದು ಅವರು ಅದನ್ನು ಗಲ್ಲಕ್ಕೆ ಇಳಿಸಿಕೊಂಡು ನಗುತ್ತಾರೆ.

ಕಾರನ್ನು ಕೊಂಡದ್ದು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಯುವಕನಿಂದ. ಅವನಿಗೆ ಕಾರಿನ ಸದ್ದಿನ ಮೇಲೆ ಮೋಹ. ಇಂಜಿನ್ನಿಗೆ ಗಾಳಿ ಸೋಸಿ ಕಳಿಸಲು ತಯಾರಕರು ಕೊಟ್ಟ ಪೆಟ್ಟಿಗೆಯನ್ನು ಕಿತ್ತುಹಾಕಿ, ಅಂಗಡಿಯಿಂದ ತಂದ ಹೊಳೆಯುವ ಅಲ್ಯೂಮಿನಿಯಂ ಕೊಳವೆಯನ್ನೂ ಅದರ ತುದಿಗೆ ಶಂಕುವಿನಾಕಾರದ ಫಿಲ್ಟರನ್ನೂ ಜೋಡಿಸಿದ್ದ. ಬಾನೆಟ್ ಎತ್ತಿದರೆ ಎಣ್ಣೆ, ಧೂಳು, ವೈರುಗಳ ಕತ್ತಲೆಯ ನಡುವೆ ಅದೊಂದೇ ಮದುವೆ ಮನೆಯ ಪಾತ್ರೆಯಂತೆ ಮಿನುಗುತ್ತಿತ್ತು. ನನಗೆ ಅದರಿಂದ ಹೆಮ್ಮೆಯೂ ಇರಲಿಲ್ಲ, ತೊಂದರೆಯೂ ಇರಲಿಲ್ಲ.

ಹಾವೇರಿಯ ನಮ್ಮ ಪರಿಚಯದ ಗ್ಯಾರೇಜಿನ ಮಿಸ್ತ್ರಿ ಮೊದಲು ಹಳದಿ ಚಿಹ್ನೆಯನ್ನು ನೋಡಿ ಸೆನ್ಸರ್ ಹೋಗಿದೆ ಎಂದ. ಆಮೇಲೆ ಬೆಲ್ಟು ಎಂದ. ಕೊನೆಗೆ ಬಾನೆಟ್ಟಿನೊಳಗೆ ತಲೆ ಹಾಕಿ, ಕೊಳವೆಯ ಅಡಿಗೆ ಬೆರಳು ಹೊರಳಿಸಿದಾಗ ಸಿಳ್ಳೆ ಥಟ್ಟನೆ ನಿಂತಿತು. ಬೆರಳು ತೆಗೆದ, ಮತ್ತೆ ಸಿಳ್ಳೆ. ಮತ್ತೆ ಒತ್ತಿದ, ಮೌನ. ಅವನಿಗೆ ಅದೊಂದು ಆಟವಾಯಿತು.

"ಸರ, ನಿಮ್ಮ ಗಾಡಿ ಕೊಳಲು ಊದಾಕತ್ತಿತ್ತು. ತೂತು ಐತ್ರಿ ಇಲ್ಲಿ. ತುಕ್ಕ ಹಿಡದಿದ್ದಲ್ಲ, ಮಿಶಿನ್ ಹಾಕಿ ಕೊರದಿದ್ದು. ಗಾಳಿ ಅಳಿಯೂ ಸೆನ್ಸರ್ ದಾಟಿದ ಮ್ಯಾಲೆ ಕೊರದಾರ. ಅಂದ್ರ ಇದು ಕಳ್ಳಗಾಳಿ. ಲೆಕ್ಕಕ್ಕ ಸಿಗದ ಒಳಗ ಹೊಂಟೇತಿ, ಧೂಳನೂ ಸೋಸದ ಕುಡ್ಯಾಕತ್ತೇತಿ. ಯಾರ್ರಿ ಇದನ್ನ ಮಾಡಿದ್ದು?"

ಕಳ್ಳಗಾಳಿ. ಆ ಮಾತು ನನಗೆ ಹಿಡಿಸಿತು. ಕಾರು ಮಾರಿದ ಯುವಕನಿಗೆ ಅಲ್ಲಿಂದಲೇ ಫೋನು ಮಾಡಿ, ಸತ್ಯ ಮುಚ್ಚಿಟ್ಟು ವ್ಯವಹಾರ ಮಾಡುವುದರ ಅನೈತಿಕತೆಯ ಕುರಿತು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವನು ನೊಂದುಕೊಂಡ. "ಅಲ್ರಿ ಸರ, ಆ ಪೈಪಿಗೆ ನಾ ಒಂದು ಗೀರು ಬೀಳಗೊಟ್ಟಿಲ್ಲ. ದಿನಾ ಅರಿವಿಲೆ ಒರಸ್ತಿದ್ದೆ. ತೂತು ಹಾಕ್ತೇನೇನ್ರಿ ನಾ?" ಎಂದ. ಅವನ ದನಿಯಲ್ಲಿದ್ದ ನೋವು ಸುಳ್ಳಿನದಲ್ಲವೆಂದು ನನಗೂ ಅನಿಸಿತು.

ಅಷ್ಟರಲ್ಲಿ ಮಿಸ್ತ್ರಿ ಕಾರನ್ನು ಜಾಕಿನಿಂದ ಎತ್ತಿ, ಇಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚುತ್ತಿದ್ದ. ತೂತಿನಲ್ಲಿ ಏನೋ ಕೂತಿದ್ದ ಗುರುತಿದೆ, ಅದು ಒಳಗೆ ಬಿದ್ದಿದ್ದರೆ ಇಂಜಿನ್ನಿನ ಗತಿ ಮುಗಿದಂತೆ ಎಂದು ಅವನ ಆತಂಕ. ಒಳಗೆ ಬಿದ್ದಿರಲಿಲ್ಲ. ಹೊದಿಕೆಯನ್ನು ಓರೆ ಮಾಡಿದಾಗ ಎಲೆ, ಮಣ್ಣು, ಒಂದು ಸ್ಕ್ರೂ ಇವುಗಳ ಜೊತೆಗೆ ನೆಲಕ್ಕೆ ಉರುಳಿದ್ದು ಕಬ್ಬಿಣದ ಒಂದು ಸಣ್ಣ ಕೊಂಡಿ, ಕೊಂಡಿಗೆ ತಂತಿ, ತಂತಿಗೆ ಪೋಣಿಸಿದ, ಒಣಗಿ ಕಪ್ಪಾಗಿ ಗಜ್ಜುಗದಂತಾಗಿದ್ದ ಒಂದು ನಿಂಬೆಹಣ್ಣು, ಅದರ ಮೇಲೂ ಕೆಳಗೂ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿಗಳು.

ಮಿಸ್ತ್ರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡಿದ.

"ಸರ, ಇದು ನಿಮ್ದ ಏನ್ರಿ?"

ಗ್ಯಾರೇಜಿನಲ್ಲಿದ್ದವರೆಲ್ಲ ನನ್ನನ್ನು ಬಲ್ಲವರು. ಬಹುಪಾಲು ಜನ ನನ್ನ ಹಂಡೆಯ ಶರಬತ್ತು ಕುಡಿದವರು. ಒಬ್ಬ ಆಟೊದವನು ಕೂತಲ್ಲಿಂದಲೇ, "ಸಾಹೇಬ್ರು ಮಂದೀಗೆ ಸರಬತ್ತ ಕುಡಿಸ್ತಾರ, ಗಾಡಿಗೆ ಹಣ್ಣ ತಿನಸ್ತಾರ!" ಎಂದ. ನಗು ಎದ್ದಿತು. ನಾನೂ ನಗಲು ಪ್ರಯತ್ನಿಸಿದೆ. ವೇದಿಕೆಯ ಮೇಲೆ ಎದುರಾಳಿಯ ವ್ಯಂಗ್ಯಕ್ಕೆ ಉತ್ತರ ಕೊಡುವುದು ನನಗೆ ಕಷ್ಟವಲ್ಲ. ಆದರೆ ಆ ಕೊಂಡಿಯನ್ನು ನಾನು ಗುರುತಿಸಿದ್ದೆ. ನಮ್ಮ ಪಡಸಾಲೆಯ ತೊಲೆಗೆ ಸಾಲಾಗಿ ಅಂತಹವೇ ಕೊಂಡಿಗಳಿವೆ. ಬೆಳ್ಳುಳ್ಳಿಯ ಗೊಂಚಲು, ಬೀಜದ ಜೋಳದ ತೆನೆ ನೇತುಹಾಕಲು. ಅವನ್ನು ಮಾಡಿಕೊಟ್ಟವನು ನಮ್ಮ ಓಣಿಯಲ್ಲೇ ಗೇಟು, ಕಿಟಕಿಯ ಗ್ರಿಲ್ಲು ಮಾಡುವವನು. ಕೊಂಡಿಯನ್ನು ಕಿಸೆಗೆ ಹಾಕಿಕೊಂಡೆ.

ಗ್ರಿಲ್ಲಿನವನು ನನ್ನನ್ನು ಕಂಡಕೂಡಲೇ ಕೈಯಲ್ಲಿದ್ದ ಡ್ರಿಲ್ಲಿಂಗ್ ಯಂತ್ರವನ್ನು ಕೆಳಗಿಟ್ಟ. ನಾನು ಕೇಳುವ ಮೊದಲೇ ಒಪ್ಪಿಕೊಂಡ.

"ಅಕ್ಕಾರ ಹೇಳಿದ್ರು, ಮಾಡೇನಿ. ನೀವು ಸಭಾಕ್ಕ ಹ್ವಾದಾಗ ಗಾಡಿ ಇಲ್ಲೇ ಇರತಿತ್ತಲ್ರಿ. ಒಳಗ ಯಾರಿಗೂ ಕಾಣದಂಗ ಕಟ್ಟು ಅಂದ್ರು. ಬಾನೆಟ್ ತಗದು ನೋಡಿದ್ರ ಎಲ್ಲಾ ಸುಡೂ ಸಾಮಾನ. ಅದೊಂದ ತಣ್ಣಗ ಇತ್ತು. ಮ್ಯಾಲೆ ಅಷ್ಟ ಥಳಥಳ ಹೊಳಿಯಾಕತ್ತಿತ್ತು. ಗಾಡಿ ಎತ್ತಾಕ ಕಂಪನಿಯವ್ರು ಹಿಡಿಕಿ ಕೊಟ್ಟಾರ ಅಂತ ತಿಳಕೊಂಡೆ."

"ಹಿಡಿಕಿ? ಕಾರು ಎತ್ತಾಕ?"

"ನನಗೇನ ಗೊತ್ರಿ? ಕೊರದಾಗ ಒಳಗ ಪೊಳ್ಳ ಇತ್ತು. ಹಿಡಿಕಿ ಪೊಳ್ಳ ಇದ್ರ ಹಗುರ ಇರತೇತಲ್ಲಾ ಅಂದುಕೊಂಡೆ. ಕೊಂಡಿ ಗಟ್ಟಿ ಕುಂತಿತ್ತು. ಅಮಾಸಿಗೊಮ್ಮಿ ಅಕ್ಕಾರ ಹಣ್ಣ ಪೋಣಿಸಿ ಕೊಡ್ತಿದ್ರು, ನಾ ಹಾಕಿ ಬರತಿದ್ದೆ. ಈ ಸಲ ನೋಡಿದ್ರ ಕೊಂಡೀನ ಇಲ್ಲ, ಉದುರೇತಿ. ಮತ್ತೊಂದು ದಪ್ಪಂದು ಹಾಕ್ಲಾ ಅಂದೆ. ಬ್ಯಾಡ, ಕೊಂಡಿ ಉದುರಿದ್ದ ಅಪಶಕುನ, ಮ್ಯಾಲೆ ಗಾಡಿ ಸಿಳ್ಳಿ ಹೊಡಿಯಾಕತ್ತೇತಿ ಅಂದ್ರು. ಭಾಳ ಅಂಜಿದ್ರು ನೋಡ್ರಿ ಅವ್ರು."

ನಾನು ಅಮಾವಾಸ್ಯೆಗೊಮ್ಮೆ ಹಾವೇರಿಗೆ ಗೆಳೆಯನ ಬೈಕಿನಲ್ಲಿ ಹಂಡೆಯ ಜೊತೆ ಹೋಗುತ್ತಿದ್ದೆ. ಆಗ ಕಾರು ಮನೆಯ ಮುಂದೆ ನಿಂತಿರುತ್ತಿತ್ತು. ನಾನು ಬಸ್ ನಿಲ್ದಾಣದಲ್ಲಿ ಕುರ್ಚಿಯ ಮೇಲೆ ನಿಂತ ಗಳಿಗೆಯಲ್ಲೇ ಇಲ್ಲಿ ನನ್ನ ಬಾನೆಟ್ ತೆರೆಯುತ್ತಿತ್ತು.

ಮನೆಗೆ ಬಂದೆ. ಸಂಜೆಯಾಗಿತ್ತು. ಅಕ್ಕ ದಿಂಬಿಗೆ ಒರಗಿ ಕುಳಿತಲ್ಲೇ ಇದ್ದಳು. ಕೊಂಡಿಯನ್ನು ಅವಳ ಮುಂದೆ ಇಟ್ಟೆ. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು.

"ಗ್ಯಾರೇಜಿನ್ಯಾಗ ಮಂದಿ ಇದ್ರೇನು?"

ಅವಳ ಮೊದಲ ಪ್ರಶ್ನೆ ಅದು. ನಾನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ಪೀಠಿಕೆ ಅಲ್ಲೇ ನಿಂತುಹೋಯಿತು.

"ಇದ್ರು."

"ನಕ್ರೇನು?"

"ನಕ್ರು."

ಅವಳು ಕಣ್ಣು ಮುಚ್ಚಿದಳು. ಎದೆ ಗೊರಗೊರ ಎನ್ನುತ್ತಿತ್ತು. "ಅದಕ್ಕ ಒಳಗ ಹಾಕಿಸಿದ್ದೆ," ಎಂದಳು. "ಮುಂದ ಕಟ್ಟಿದ್ರ ನೀ ಬಿಚ್ಚಿ ಒಗೀತಿದ್ದಿ. ಒಗೀದಿದ್ರ ಮಂದಿ ನಿನ್ನ ಮಾರಿ ಮ್ಯಾಲೆ ಆಡಕೋತಿದ್ರು. ಎರಡೂ ಬ್ಯಾಡಾಗಿತ್ತು ನನಗ. ನಿನ್ನ ಮಾನಾನೂ ಉಳೀಲಿ, ಗಾಡೀನೂ ಉಳೀಲಿ ಅಂತ ಮಾಡಿದ್ದೆ."

ನಾನು ಮೆಲ್ಲನೆ ಕೇಳಿದೆ: ಭಾವನ ಟೆಂಪೊದ ಟೈರು ಸವೆದಿತ್ತು, ಹೊರೆ ಮಿತಿಮೀರಿತ್ತು ಎಂಬುದನ್ನು ಅವಳು ಮರೆತಳೇ? ಹಿಂದೆಯೂ ಅವಳಿಗೆ ಇದನ್ನು ಹೇಳಿದ್ದೆ. ಅದು ನನ್ನ ಅತ್ಯಂತ ಬಲವಾದ ಅಂಶವಾಗಿತ್ತು.

"ಟೈರು ಸವದಿತ್ತು. ನನಗ ಗೊತ್ತಿಲ್ಲೇನು?" ಎಂದಳು. "ಟೈರು ನನ್ನ ಕೈಯಾಗಿರಲಿಲ್ಲೋ ತಮ್ಮಾ. ನಿಂಬಿಹಣ್ಣು ನನ್ನ ಕೈಯಾಗಿತ್ತು. ಆ ಅಮಾಸಿಗೆ ಜ್ವರಾ ಬಂದು ಮಲಗಿದ್ದೆ, ಕಟ್ಟಲಿಲ್ಲ. ಮರದಿನ ಅವ್ರು ಬರಲಿಲ್ಲ."

ತರ್ಕದ ದೃಷ್ಟಿಯಿಂದ ಆ ಮಾತು ಎಲ್ಲಿ ಸೋಲುತ್ತದೆಂದು ನಾನು ತೋರಿಸಬಲ್ಲೆ. ತೋರಿಸಿದರೆ ಸೋಲುವುದು ಆ ಮಾತಲ್ಲ ಎಂಬುದೂ ನನಗೆ ಗೊತ್ತು.

ತೂತು ಮುಚ್ಚುವ ಕೆಲಸ ಸರಳವೆಂದು ಮಿಸ್ತ್ರಿ ಭಾವಿಸಿದ್ದ. ಬೆರೆತರೆ ಗಟ್ಟಿಯಾಗುವ ಎರಡು ಬಗೆಯ ಅಂಟಿನ ಕಣಕವನ್ನು ಕೈಯಲ್ಲಿ ನಾದಿ, ಹೊರಗಿನಿಂದ ಮೆತ್ತಿ, ರಾತ್ರಿ ಒಣಗಲು ಬಿಟ್ಟ. ಮರುದಿನ ನಾನು ಹೋದಾಗ ಅದು ಬಿಸ್ಕತ್ತಿನ ಚೂರಿನಂತೆ ಎದ್ದು ಬಂದಿತ್ತು. "ಒಳಗ ಬಿದ್ದಿದ್ರ ಇಂಜಿನ್ ಚಟ್ನಿ ಆಗ್ತಿತ್ರಿ," ಎಂದು ಅವನು ತನ್ನ ಕೆಲಸಕ್ಕೆ ತಾನೇ ಬೈದುಕೊಂಡ. ಅಷ್ಟರಲ್ಲಿ ಅಗಡಿಯಿಂದ ಗ್ರಿಲ್ಲಿನವನೂ ಬಂದಿಳಿದ. ತಪ್ಪು ತನ್ನದು, ತಾನೇ ಬೆಸುಗೆ ಹಾಕಿ ಮುಚ್ಚುವೆನೆಂದು ಅವನ ಹಟ.

"ಅದು ಅಲ್ಯೂಮಿನಿಯಂ ಐತೋ ಮಾರಾಯಾ, ನಿಮ್ಮೂರ ಗೇಟ್ ಅಲ್ಲ. ನಿನ್ನ ಬೆಸಗಿ ತಾಗಿದ್ರ ಬೆಣ್ಣಿ ಕರಗಿದಂಗ ಕರಗತೇತಿ," ಎಂದ ಮಿಸ್ತ್ರಿ.

"ನಿನ್ನ ಕಣಕಾ ಉಳೀತೇನು? ರೊಟ್ಟಿ ಬಡದಂಗ ಬಡದಿದ್ದಿಯಲ್ಲಾ."

"ನೀ ಹಿಡಿಕಿ ಅಂತ ಕೊರದಿ. ನಿನ್ನ ಮಾತು ಯಾರು ಕೇಳಬೇಕು?"

ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಲೇ ಕೊಳವೆಯನ್ನು ಬಿಚ್ಚಿ ಹೊರತೆಗೆದರು. ನಾನು ಒಂದು ಹಳೆಯ ಪಂಚೆಯ ತುಂಡನ್ನು ಕಡ್ಡಿಗೆ ಸುತ್ತಿ ಅದರೊಳಗೆ ತೂರಿಸಿ ಎಳೆದೆ. ಬಟ್ಟೆ ಕೆಂಪಾಗಿ ಹೊರಬಂದಿತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮಾಸ್ಕ್ ಹಂಚಲು ಹೋದಾಗ ಮೆಣಸಿನ ರಾಶಿಗಳ ನಡುವೆ ಕಾರು ನಿಂತಿರುತ್ತಿತ್ತು, ಓಡಾಡುತ್ತಿತ್ತು. ಆ ಧೂಳು ಫಿಲ್ಟರಿನ ಹೊರಮೈಯಲ್ಲಿದ್ದದ್ದು ಸಹಜ. ಫಿಲ್ಟರ್ ದಾಟಿದ ಮೇಲಿನ ಒಳಮೈಗೂ ಕುಂಕುಮ ಲೇಪಿಸಿದಂತೆ ಅದು ಅಂಟಿ ಕುಳಿತಿತ್ತು. ಕಣಕ ನಿಲ್ಲದಿರಲು ಕೊಳವೆಯ ಮೇಲಿನ ಅಂತಹುದೇ ಜಿಡ್ಡು, ಧೂಳಿನ ಪೊರೆಯೇ ಕಾರಣ. ಮೂವರೂ ಸೀನಿದೆವು. ಮಿಸ್ತ್ರಿ ಕಣ್ಣೊರೆಸಿಕೊಳ್ಳುತ್ತ, "ಪಾಪ, ಇದರ ಎದಿ ನೋಡ್ರಿ," ಎಂದ. ಹೋಲಿಕೆಗಳನ್ನು ಹುಡುಕುವುದು ಭಾಷಣಕಾರನ ಚಟ. ಅಂದು ನಾನು ಮತ್ತೇನೂ ಹುಡುಕಲಿಲ್ಲ. ಬಟ್ಟೆಯನ್ನು ಮಡಚಿ, ಇನ್ನೊಂದು ತುಂಡನ್ನು ಕಡ್ಡಿಗೆ ಸುತ್ತಿದೆ.

ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿದೆವು. ತೂತಿನ ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ ನಯಗೊಳಿಸಿದೆವು. ಹಳೆಯ ಟ್ರ್ಯಾಕ್ಟರ್ ಟ್ಯೂಬಿನಿಂದ ಅಗಲವಾದ ಒಂದು ಪಟ್ಟಿಯನ್ನು ಕತ್ತರಿಸಿ, ಕೊಳವೆಯ ಸುತ್ತ ಬಿಗಿಯಾಗಿ ಹೊದಿಸಿ, ತೂತಿನ ಎರಡು ಬದಿಗೂ ಉಕ್ಕಿನ ಕ್ಲಾಂಪು ಹಾಕಿ ತಿರುಪಿದೆವು. ಒಳಗೆ ಬೀಳಬಹುದಾದದ್ದು ಅದರಲ್ಲಿ ಏನೂ ಇರಲಿಲ್ಲ. ಇಂಜಿನ್ ಗಾಳಿಯನ್ನು ಎಳೆದಷ್ಟೂ ರಬ್ಬರ್ ತೂತಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಮದುವೆ ಪಾತ್ರೆಯ ಹೊಳಪಿನ ಮೇಲೆ ಕರಿಯ ಪಟ್ಟಿ ಚೆಂದ ಕಾಣಲಿಲ್ಲ. ಆದರೆ ಕಾರನ್ನು ಚಾಲೂ ಮಾಡಿದಾಗ ಸಿಳ್ಳೆ ಇರಲಿಲ್ಲ, ನಡುಕವೂ ಇಳಿದಿತ್ತು. ಮಿಸ್ತ್ರಿ ತನ್ನ ಯಂತ್ರ ಜೋಡಿಸಿ ಹಳದಿ ಚಿಹ್ನೆಯನ್ನು ಅಳಿಸಿದ. ಅದು ಮತ್ತೆ ಹೊತ್ತಲಿಲ್ಲ.

ವೈದ್ಯರು ಬರುವ ದಿನದ ಬೆಳಿಗ್ಗೆ ನಾನೊಂದು ಕೆಲಸ ಮಾಡಿದೆ. ಅದನ್ನು ನನ್ನ ಬಳಗದವರಿಗೆ ಆಮೇಲೆ ನಾನೇ ಹೇಳಿದ್ದೇನೆ. ಅವರಲ್ಲಿ ಕೆಲವರು ಇನ್ನೂ ನನ್ನನ್ನು ಕ್ಷಮಿಸಿಲ್ಲ. ಹಾವೇರಿಯಿಂದ ತಾಜಾ ನಿಂಬೆಹಣ್ಣು, ಮೆಣಸಿನಕಾಯಿ ತಂದು, ದಾರಕ್ಕೆ ಪೋಣಿಸಿ, ಕಾರಿನ ಮುಂಭಾಗದಲ್ಲಿ ಎಲ್ಲರಿಗೂ ಕಾಣುವಂತೆ ಕಟ್ಟಿದೆ. ನನ್ನ ನಂಬಿಕೆ ಕದಲಿರಲಿಲ್ಲ. ಅಕ್ಕನ ಉಸಿರು ಹಿಂದಿನ ವಾರಕ್ಕಿಂತ ಸಣ್ಣದಾಗಿತ್ತು. ಮಾತಿನ ನಡುನಡುವೆ ಅವಳು ನಿಲ್ಲಬೇಕಾಗುತ್ತಿತ್ತು. ಮುಚ್ಚಿಡುವುದಕ್ಕಾಗಿ ಒಮ್ಮೆ ತೂತು ಬಿದ್ದಿದೆ. ಇನ್ನು ಇರುವುದಾದರೆ ಅದು ಎದುರಿಗೇ ಇರಲಿ ಎಂಬುದಷ್ಟೇ ನನ್ನ ನಿಲುವು.

ಅಕ್ಕ ಹೊಸ್ತಿಲಿಗೆ ಬಂದು ಅದನ್ನು ನೋಡಿದಳು.

"ಯಾರು ಕಟ್ಟಿದ್ದು?"

"ನಾನ."

"ಬಿಚ್ಚು."

"ಅಕ್ಕಾ, ನಿನಗಾಗೇ ಕಟ್ಟೇನಿ. ಇದ್ದರ ಮುಂದ ಇರಲಿ, ಎಲ್ಲಾರೂ ನೋಡ್ಲಿ."

"ನೀ ನಂಬೂದಿಲ್ಲ." ಉಸಿರಿಗಾಗಿ ನಿಂತಳು. "ನಂಬದ ಕೈಲೆ ಕಟ್ಟಿದ್ದು ಯಾರನ್ನ ಕಾಯ್ತೇತಿ? ಬರೇ ಹಣ್ಣು ಅದು. ಮತ್ತ ಮಂದಿ ನಗ್ತಾರ. ನನ್ನ ಸಲವಾಗಿ ನೀ ನಗಿಗೀಡಾಗಬ್ಯಾಡ. ಬಿಚ್ಚಂದೆ."

"ಹಂಗಾರ ನೀನ ಕಟ್ಟು. ನಾ ತಡಿಯೂದಿಲ್ಲ."

ಅವಳು ಅಂಗಳಕ್ಕೆ ಇಳಿದಳು. ಕಾರಿನ ಮುಂದೆ ಬಗ್ಗಿದಳು. ಮೆಣಸಿನಕಾಯಿಯ ವಾಸನೆಗೋ, ಬಗ್ಗಿದ ಶ್ರಮಕ್ಕೋ ಕೆಮ್ಮು ಕಿತ್ತುಕೊಂಡು ಬಂತು. ದಾರದ ಗಂಟನ್ನು ಹಿಡಿದ ಅವಳ ಬೆರಳುಗಳು ಅಲುಗುತ್ತಿದ್ದವು. ಗಂಟನ್ನು ಬಿಗಿ ಮಾಡುತ್ತಿದ್ದಾಳೆಂದೇ ನಾನು ತಿಳಿದೆ. ಅವಳು ಬಿಚ್ಚುತ್ತಿದ್ದಳು. ಮೆಣಸಿನಕಾಯಿಗಳನ್ನು ಒಂದೊಂದಾಗಿ ಕಿತ್ತು ಗಟಾರಿನ ಕಡೆ ಎಸೆದಳು. ವರ್ಷಗಟ್ಟಲೆ ತೊಟ್ಟು ಬಿಡಿಸಿದ ಬೆರಳುಗಳಿಗೆ ಆ ಕೆಲಸ ನೋಡದೆಯೇ ಬರುತ್ತಿತ್ತು. ಉಳಿದ ಹಣ್ಣನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ತಾನೇ ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಕುಳಿತಳು.

"ನಡಿ," ಎಂದಳು. "ಲಗೂ ನಡಿ, ನನ್ನ ಮನಸ್ಸು ತಿರಗೂದರಾಗ."

ಹೆದ್ದಾರಿಗೆ ಬಿದ್ದೆವು. ಕನ್ನಡಿಯಲ್ಲಿ ಅವಳ ಮುಖದ ಅರ್ಧ ಕಾಣುತ್ತಿತ್ತು. ಮೋಟೆಬೆನ್ನೂರು ಹತ್ತಿರವಾದಂತೆ ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಬ್ಯಾಡಗಿಯ ಕಡೆಗೆ ಹೊರಳುವ ತಿರುವಿನಲ್ಲಿ ಚೀಲ ಹೇರಿದ ಟೆಂಪೊಗಳು ಒಂದರ ಹಿಂದೊಂದು ನಿಂತಿದ್ದವು. ಪ್ರತಿಯೊಂದರ ಮುಂದೆಯೂ ಹಸಿರು, ಹಳದಿ, ಕೆಂಪಿನ ಒಂದು ಗೊಂಚಲು ತೂಗುತ್ತಿತ್ತು. ಕಾರಿನೊಳಗೆ ನಿಂಬೆಯ ವಾಸನೆ ಹರಡಿತು. ಅವಳು ಅಷ್ಟು ಗಟ್ಟಿಯಾಗಿ ಹಣ್ಣನ್ನು ಹಿಡಿದಿದ್ದಳು. ಉಗುರು ತಾಗಿ ಸಿಪ್ಪೆ ಒಡೆದಿರಬೇಕು. ತಿರುವು ದಾಟಿತು. ಅವಳಾಗಿ ಕಣ್ಣು ತೆರೆಯುವವರೆಗೂ ನಾನು ದಾಟಿತೆಂದು ಹೇಳಲಿಲ್ಲ.

"ಸಿಳ್ಳಿ ನಿಂತೇತಲ್ಲ," ಎಂದಳು ಬಹಳ ಹೊತ್ತಿನ ಮೇಲೆ.

"ತೂತು ಮುಚ್ಚೇವಕ್ಕಾ."

"ಹೂಂ." ಸ್ವಲ್ಪ ತಡೆದು, "ನಂದೂ ಹಂಗ ಹೊಡಿತೇತಿ, ರಾತ್ರಿ," ಎಂದಳು.

ದವಾಖಾನೆಯಲ್ಲಿ ಹೆಚ್ಚು ಕಾಯಬೇಕಾಗಲಿಲ್ಲ. ಅವಳನ್ನು ಕಂಡವರೇ ಒಳಗೆ ಬಿಟ್ಟರು. ವೈದ್ಯರು ಬೆನ್ನಿಗೆ ಉಸಿರು ಕೇಳುವ ಕೊಳವೆ ಇಟ್ಟು ಅಲ್ಲಿ, ಇಲ್ಲಿ, ಮತ್ತೆ ಅಲ್ಲಿ ಕೇಳಿದರು. "ಹ್ವಾದ ವಾರ ಯಾಕ ಬರಲಿಲ್ಲ?" ಎಂದು ನನ್ನ ಕಡೆ ನೋಡಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಗಾಡಿ ಕೆಟ್ಟಿತ್ರಿ," ಎಂದಳು. ಅದು ಸುಳ್ಳಾಗಿರಲಿಲ್ಲ. ಅವಳು ಅದನ್ನು ಹೇಳಿದ್ದು ನನಗಾಗಿ ಎಂಬುದೂ ಸುಳ್ಳಲ್ಲ.

ನರ್ಸಮ್ಮ ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರ ಹಿಡಿದು ಬಂದಳು. ಅಕ್ಕನ ಇನ್ನೊಂದು ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿಯಾಗಿತ್ತು. "ಮುಷ್ಟಿ ಬಿಡ್ರಿ ಅವ್ವಾರ. ಏನ್ ಹಿಡಕೊಂಡೀರಿ? ಬೆರಳ ಬೇಕ್ರಿ ನನಗ," ಎಂದಳು. ಅಕ್ಕ ಬಿಡಲಿಲ್ಲ. ನನ್ನ ಕಡೆ ನೋಡಿದಳು. ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ನಾನು ಅಂಗೈ ಚಾಚಿದೆ. ಅವಳು ಬೆರಳುಗಳನ್ನು ಬಿಡಿಸಿ ಹಣ್ಣನ್ನು ಅದರಲ್ಲಿಟ್ಟಳು. "ಕೆಳಗ ಇಡಬ್ಯಾಡ," ಎಂದಳು.

ಯಂತ್ರದ ಅಂಕಿ ಏರಲಿಲ್ಲ. ವೈದ್ಯರು ನನ್ನನ್ನು ಬಾಗಿಲ ಬಳಿ ಕರೆದು, ಮನೆಯಲ್ಲೇ ಆಮ್ಲಜನಕದ ಯಂತ್ರ ಇರಿಸಬೇಕೆಂದೂ ಇನ್ನು ಮೇಲೆ ಅವಳನ್ನು ಎಲ್ಲಿಗೂ ಕರೆದೊಯ್ಯದಿರುವುದೇ ಒಳಿತೆಂದೂ ತಗ್ಗಿದ ದನಿಯಲ್ಲಿ ಹೇಳಿದರು. ಧೂಳಿನಿಂದ ಗಟ್ಟಿಯಾದ ಎದೆ ಮತ್ತೆ ಮೆತ್ತಗಾಗುವುದಿಲ್ಲವೆಂದರು. ಮೊದಲೇ ಬಂದಿದ್ದರೆ ಎಂದು ನಾನು ಕೇಳಿದೆ. ಅವರು ಮತ್ತೆ ಒಳಗೆ ಹೋದರು.

ನಾನು ಹೊರಗಿನ ಪಡಸಾಲೆಯಲ್ಲಿ ನಿಂತೆ. ಬೆಂಚಿನ ಮೇಲೆ ಕುಳಿತಿದ್ದವನೊಬ್ಬ ನನ್ನನ್ನು ಗುರುತಿಸಿದ. ಹಾವೇರಿಯವನು, ಯಾವುದೋ ಅಮಾವಾಸ್ಯೆಗೆ ನಮ್ಮ ಮೇಜಿನ ಮುಂದೆ ನಿಂತು ವಾದ ಮಾಡಿದ್ದವನು. ಅವನ ಕಣ್ಣು ನನ್ನ ಅಂಗೈಗೆ ಹೋಯಿತು.

"ಏನ್ರಿ ಸರಬತ್ತ ಸಾಹೇಬ್ರ, ಇಲ್ಲೂ ಹಂಡೆ ಇಡಾಕ ಬಂದೀರೇನು? ಇಲ್ಲಾ ನೀವೂ ಶುರು ಮಾಡೀರೋ ಕಟ್ಟಾಕ?"

ಅಕ್ಕಪಕ್ಕದವರು ತಿರುಗಿ ನೋಡಿದರು. ಮುಷ್ಟಿ ಮುಚ್ಚಿಬಿಡಬಹುದಾಗಿತ್ತು. ಕಿಸೆಗೆ ಹಾಕಿಕೊಳ್ಳಬಹುದಾಗಿತ್ತು.

"ಇಲ್ರಿ," ಎಂದೆ. "ನಮ್ಮಕ್ಕಂದು. ಹಿಡಕೊಂಡೇನಿ."

ಅವನು ಇನ್ನೇನೋ ಹೇಳಹೊರಟವನು ನಿಲ್ಲಿಸಿ, ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ನಾನು ಕುಳಿತೆ. ಒಳಗಿನಿಂದ ಅವಳ ಕೆಮ್ಮು ಕೇಳಿಸುತ್ತಿತ್ತು. ಹಣ್ಣು ಅವಳ ಮುಷ್ಟಿಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು.